ಬಾವುಟದ ಟೀಚರ್ ಎಳೆದ ಕೆಂಪು ಗೀಟು

ನಮ್ಮಕ್ಕನಿಗೆ ಶಾಲೆಯಲ್ಲಿ ಬಾವುಟದ ಟೀಚರ್ ಎಂದೇ ಹೆಸರು. ಇಪ್ಪತ್ತು ವರ್ಷದಿಂದ ಪುಟಾಣಿಗಳಿಗೆ ದೇಶ, ಬಾವುಟ ಕಲಿಸುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ನಾನು ಲೆಕ್ಕ ಹೇಳಿಕೊಡುತ್ತೇನೆ. ನಡುವೆ ಇರುವುದು ಬರೀ ಪ್ಲೈವುಡ್ ಹಲಗೆ. ಅವಳು ಕೋಲಿನಿಂದ ಚಾರ್ಟಿಗೆ ಟಕ್ಕೆಂದು ಕುಟ್ಟುವುದು, ಮಕ್ಕಳು ಗಂಟಲು ಹರಿಯುವಂತೆ ದೇಶದ ಹೆಸರು ಕೂಗುವುದು ಎಲ್ಲವೂ ಈಚೆಗೆ ಕೇಳುತ್ತದೆ. ನನ್ನ ಮಕ್ಕಳಿಗೆ ಮಗ್ಗಿ ಬಾರದಿದ್ದರೂ ರಾಜಧಾನಿಗಳು ಬರುತ್ತವೆ.

ಆ ಚಾರ್ಟೆಂದರೆ ಅವಳಿಗೆ ಪ್ರಾಣ. ಕೆಲಸಕ್ಕೆ ಸೇರಿದ ವರ್ಷ ತಂದದ್ದು. ಅಂಚು ಹರಿದಾಗ ಕತ್ತರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಪಾಡಿಕೊಂಡಿದ್ದಳು. ಹೊಸದು ತರಿಸೋಣ ಎಂದು ನಾನೇ ಎರಡು ಸಲ ಹೇಳಿದ್ದೆ.

"ದೇಶ ಏನು ತರಕಾರಿನಾ, ದಿನಾ ಹೊಸದು ತರೋಕೆ?" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಜತೆ ವಾದ ಯಾಕೆಂದು ಸುಮ್ಮನಾಗಿದ್ದೆ.

ಈ ವರ್ಷ ಐದು ವರ್ಷದ ಹುಡುಗಿಯೊಬ್ಬಳು ಸೇರಿದಳು. ದೂರದ ಪುಟ್ಟ ದ್ವೀಪದೇಶವೊಂದರಿಂದ ಬಂದು ನೆಲೆಸಿದವರ ಮಗಳು. ಇಷ್ಟವಾದ ಬಾವುಟ ಬಿಡಿಸಿ ಎಂದಾಗ ನೀಲಿ ಬಣ್ಣ ಬಳಿದು, ನಡುವೆ ಬಿಳಿ ಹಕ್ಕಿ ಬರೆದು, ತಮ್ಮ ದೇಶದ್ದು ಎಂದಳು. ಚಾರ್ಟಿನಲ್ಲಿ ಆ ದೇಶದ ಬಾವುಟ ಕೆಂಪು, ನಡುವೆ ನಕ್ಷತ್ರ. ಅಕ್ಕ ಹಕ್ಕಿಯ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದಳು.

"ನಮ್ಮನೆ ಗೋಡೆ ಮೇಲೆ ಹಿಂಗೇ ಇದೆ ಟೀಚರ್."

"ಅದು ಟವಲ್ ಇರ್ಬೇಕು ನೋಡು."

ಇಡೀ ತರಗತಿ ಗೊಳ್ಳೆಂದಿತು. ಹಲಗೆಯ ಈಚೆ ನಾನೂ ನಕ್ಕೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮೂರನೆಯ ದಿನ ಸ್ಟಾಫ್ ರೂಮಿನಲ್ಲಿ ಪತ್ರಿಕೆ ತಿರುವುತ್ತಿದ್ದಾಗ ಕ್ರೀಡಾಪುಟದಲ್ಲಿ ಆ ದೇಶದ ಓಟಗಾರ್ತಿಯ ಫೋಟೊ ಕಂಡಿತು. ಹೆಗಲ ಮೇಲೆ ನೀಲಿ ಬಾವುಟ, ಬಿಳಿ ಹಕ್ಕಿ. ವಿಚಾರಿಸಿದರೆ, ಬಾವುಟ ಬದಲಾಗಿ ಒಂಬತ್ತು ವರ್ಷವಾಗಿತ್ತು. ಅಕ್ಕನಿಗೆ ತೋರಿಸಿದೆ. ಅವಳು ಟೀ ಲೋಟ ಕೆಳಗಿಟ್ಟಳು.

"ಆ ಮಗೂನ ಎಲ್ಲರೆದುರು ನಗೆಪಾಟಲು ಮಾಡ್ಬಿಟ್ನಲ್ಲೇ."

"ಸದ್ದಿಲ್ಲದೆ ಚಾರ್ಟ್ ಬದಲಾಯಿಸ್ಬಿಡು. ಮಕ್ಕಳಿಗೇನು ಗೊತ್ತಾಗುತ್ತೆ?" ಎಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಕ್ಕ ಹಾಗೇ ಮಾಡಿದಳು. ಹೊಸ ಚಾರ್ಟು ಬಂತು, ಯಾರೂ ಏನೂ ಕೇಳಲಿಲ್ಲ. ಆದರೆ ಆ ಹುಡುಗಿ ಚಾರ್ಟಿನ ಕಡೆ ತಲೆ ಎತ್ತುವುದನ್ನೇ ಬಿಟ್ಟಿದ್ದಳು. ಅವಳ ಸರದಿ ಬಂದರೆ ಬೆಂಚಿನ ಮೊಳೆ ಎಣಿಸುತ್ತಿದ್ದಳು. ಎರಡು ದಿನ ನೋಡಿ ಅಕ್ಕನಿಗೆ ತಡೆಯಲಾಗಲಿಲ್ಲ. ತರಗತಿಯ ನಡುವೆ ಅವಳ ಮುಂದೆ ಮಂಡಿಯೂರಿ ಕೂತು, "ನಿನ್ನ ಬಾವುಟಾನೇ ಸರಿ ಪುಟ್ಟಾ. ತಪ್ಪು ನಂದು. ನಾನು ಎಲ್ಲರನ್ನೂ ನಗಿಸಬಾರದಿತ್ತು," ಎಂದಳು.

ಹುಡುಗಿ ತಲೆ ಎತ್ತಿ, "ಅಜ್ಜಿಗೂ ಹೇಳ್ತೀರಾ?" ಎಂದಳು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಅವರ ಮನೆಗೆ ಹೋದೆವು. ಗೋಡೆಯ ಮೇಲೆ ನಾಲ್ಕು ಮೊಳೆಗಳಿದ್ದವು, ಬಾವುಟವಿರಲಿಲ್ಲ. ಟೀಚರ್ ಎಂದು ತಿಳಿದೊಡನೆ ಅಜ್ಜಿ ಗಡಬಡಿಸಿ ಎದ್ದು ಕುರ್ಚಿ ಒರೆಸಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಅವರೇ, ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡದಲ್ಲಿ, ಕ್ಷಮೆ ಕೇಳುವ ದನಿಯಲ್ಲಿ ಹೇಳಿದರು:

"ಮಗು ಹೇಳಿದ ದಿನಾನೇ ತೆಗೆದಿಟ್ಟೆ ಕಣಮ್ಮಾ. ದೇಶ ಬಿಟ್ಟು ಆರು ವರ್ಷ ಆಯ್ತು, ಬದಲಾಗಿರ್ಬೇಕು ಅಂದ್ಕೊಂಡೆ. ಟೀಚರ್ ತಪ್ಪು ಹೇಳ್ತಾರಾ?"

ಅಕ್ಕ ಆ ಕುರ್ಚಿಯಲ್ಲಿ ಕೂರಲಿಲ್ಲ.