ಗುಂಡಣ್ಣನಿಗೆ ಓಟ್ಸ್ ಬೇಯಿಸಿದ್ದು

"ಇವನ ಕೈ ಸೋಕಿದ್ರೆ ರಾಗಿನೂ ಕಹಿಯಾಗುತ್ತೆ ಕಣ್ರೀ!"

ಗಿರಾಕಿಗಳ ಮುಂದೆ ಅಣ್ಣ ಗುಂಡಣ್ಣ ಆಡಿದ ಈ ಮಾತು ಮುತ್ತುರಾಜನ ಹೊಟ್ಟೆಯಲ್ಲಿ ಇವತ್ತಿಗೂ ಹಾಗೇ ಕೂತಿದೆ. ಆಗ ಬನಶಂಕರಿ ಎರಡನೇ ಹಂತದ ಫ್ಲೋರ್ ಮಿಲ್ಲನ್ನು ಅಣ್ಣತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದರು. ಹಿಟ್ಟು ತರಿತರಿಯಾಗಿದೆ ಅಂದ ಗಿರಾಕಿಯೊಬ್ಬನ ಡಬ್ಬವನ್ನು ಮುತ್ತುರಾಜ ಸಿಟ್ಟಿನಲ್ಲಿ ರಸ್ತೆಗೆ ಎಸೆದಿದ್ದ. ಅಷ್ಟಕ್ಕೇ ಗುಂಡಣ್ಣ ಆ ಮಾತಂದು, ಹೆಗಲ ಮೇಲಿನ ಟವೆಲ್ ಕೊಡವಿ, ವಿಲ್ಸನ್ ಗಾರ್ಡನ್‌ಗೆ ಹೋಗಿ ಬೇರೆ ಅಂಗಡಿ ಇಟ್ಟ. ಡಬ್ಬ ಎಸೆದದ್ದು ತಪ್ಪು ಅಂತ ಬೇಕಾದರೆ ಮುತ್ತುರಾಜ ಒಪ್ಪಿಯಾನು. ಆದರೆ ಹಿಟ್ಟು ಬೀಸಿ ಬದುಕುವವನ ಕೈಯನ್ನೇ ಕಹಿ ಅನ್ನುವುದೇ? ಡಬ್ಬ ಎಸೆದರೆ ಹಿಟ್ಟು ಚೆಲ್ಲುತ್ತದೆ, ಗುಡಿಸಬಹುದು. ಮಾತು ಎಸೆದರೆ ಯಾವ ಪೊರಕೆಯಲ್ಲಿ ಗುಡಿಸುವುದು? ಅಂದಿನಿಂದ ಮದುವೆ, ತಿಥಿಗಳಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಂಥ ಗುಂಡಣ್ಣ ಈಗ ಮುತ್ತುರಾಜನ ನಡುಮನೆಯಲ್ಲೇ ಮಂಚ ಹಿಡಿದು ಮಲಗಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಒಂಟಿ. ಕೆಟ್ಟ ಜ್ವರ ಬಂದು, ಆಸ್ಪತ್ರೆ ಸೇರಿ, ಬಿಡಿಸಿಕೊಂಡು ಬರುವಾಗ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅವನ ಮಗಳು ವಿಭಾ ಇರುವುದು ಅರೆಕೆರೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮುತ್ತುರಾಜನ ಹೆಂಡತಿ ರುದ್ರಮ್ಮನೇ ಮುಂದೆ ನಿಂತು, ಗಂಡನನ್ನು ಒಂದು ಮಾತೂ ಕೇಳದೆ ಭಾವನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದುಬಿಟ್ಟಳು. ಬಂದ ಬೆನ್ನಿಗೇ ತುಮಕೂರಿನಿಂದ ಫೋನು: ಮುತ್ತುರಾಜನ ಮಗಳಿಗೆ ಹೆರಿಗೆ ನೋವು ಶುರುವಾಗಿದೆ. ರುದ್ರಮ್ಮ ಸೀರೆ ಗಂಟು ಕಟ್ಟಿಕೊಂಡು ಬಾಣಂತನಕ್ಕೆ ಓಡಿದಳು. ಹೋಗುವಾಗ ಗಂಡನಿಗೆ ಹೇಳಿದ್ದು ಒಂದೇ ಮಾತು.

"ನಾನು ಬರೋವರೆಗೂ ನಿಮ್ಮ ಬಾಯಿ ಮುಚ್ಚಿರಬೇಕು, ಅವರ ಬಾಯಿ ತೆರೆದಿರಬೇಕು."

ಮೊದಲನೆಯದನ್ನು ಮುತ್ತುರಾಜ ಹಲ್ಲು ಕಚ್ಚಿ ಪಾಲಿಸಿದ. ಎರಡನೆಯದು ಅವನ ಕೈಯಲ್ಲಿರಲಿಲ್ಲ. ತಾನೇ ಬೀಸಿದ ರಾಗಿಯ ಗಂಜಿ ಮಾಡಿ ಕೊಟ್ಟ. ಗುಂಡಣ್ಣ ಎರಡು ಗುಟುಕು ಕುಡಿದು ಲೋಟವನ್ನು ನೆಲಕ್ಕಿಟ್ಟ. ಮೆತ್ತಗೆ ಅನ್ನ ಕಲಸಿ ಕೊಟ್ಟ. ಅದೂ ತಟ್ಟೆಯಲ್ಲೇ ಒಣಗಿತು. ವಿಭಾ ಬಂದು ನೋಡಿ ಕಣ್ಣು ಒರೆಸಿಕೊಂಡಳು.

"ಚಿಕ್ಕಪ್ಪ, ತಪ್ಪು ತಿಳ್ಕೋಬೇಡಿ. ಭಾನುವಾರದವರೆಗೂ ನೋಡ್ತೀನಿ. ಅಪ್ಪ ಹೀಗೇ ಉಪವಾಸ ಬಿದ್ದಿದ್ರೆ ನಾನು ಕರ್ಕೊಂಡು ಹೋಗ್ತೀನಿ."

"ಮೂರು ಮಹಡಿ ಹೆಂಗಮ್ಮ ಹತ್ತಿಸ್ತೀಯ?"

"ಕುರ್ಚೀಲಿ ಕೂರಿಸಿ ಹೊತ್ಕೊಂಡು ಹೋಗ್ತೀವಿ."

ಅವಳು ಹೋದ ಮೇಲೆ ಮುತ್ತುರಾಜ ಮನೆಯ ಮುಂಭಾಗದಲ್ಲೇ ಇದ್ದ ಮಿಲ್ಲಿನ ಬಾಗಿಲಲ್ಲಿ ನಿಂತ. ಮೂರನೇ ಮಹಡಿಗೆ ಹೊತ್ತು ಹಾಕಿದ ಮನುಷ್ಯ ಮತ್ತೆ ಕೆಳಗಿಳಿಯುವುದು ಯಾವಾಗಲೋ. ಹಗಲೆಲ್ಲ ಬೀಗ ಹಾಕಿದ ಮನೆಯಲ್ಲಿ ಒಬ್ಬನೇ ಸೂರು ನೋಡುತ್ತ ಮಲಗಬೇಕು. ಇನ್ನು ನೆಂಟರಿಷ್ಟರೋ? ತಮ್ಮನ ಮನೆಯಲ್ಲಿ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲವಂತೆ ಅನ್ನುತ್ತಾರೆ. ಅಲ್ಲಿಗೆ ಅಣ್ಣ ಅಂದ ಮಾತಿಗೆ ಊರೇ ಠಸ್ಸೆ ಒತ್ತಿದ ಹಾಗೆ. ಅವನಿಗೆ ಅಳುವೂ ಬಂತು, ಸಿಟ್ಟೂ ಬಂತು. ಅಳುವುದು ಅಭ್ಯಾಸವಿಲ್ಲದ್ದರಿಂದ ಸಿಟ್ಟನ್ನೇ ಮಾಡಿಕೊಂಡು ಒಳಗೆ ಹೋದ.

"ಏನು ಬೇಕು ನಿಂಗೆ? ಬಾಯಿ ಬಿಟ್ಟು ಹೇಳು."

ಅಷ್ಟು ವರ್ಷಗಳಲ್ಲಿ ಅಣ್ಣನೊಂದಿಗೆ ಅವನು ನೇರವಾಗಿ ಆಡಿದ ಮೊದಲ ಮಾತು ಅದು. ಗುಂಡಣ್ಣ ಗೋಡೆಯ ಕಡೆಗೆ ತಿರುಗಿಕೊಂಡೇ ಹೇಳಿದ: "ಆಸ್ಪತ್ರೇಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಕೊಡ್ತಿದ್ರು. ಸಿಹಿಯಾಗಿ, ಮೆತ್ತಗೆ. ಓಟ್ಸಂತೆ. ಅದಾದ್ರೆ ಇಳಿಯುತ್ತೆ."

ಮುತ್ತುರಾಜನಿಗೆ ಮೈಯೆಲ್ಲ ಉರಿಯಿತು. ರಾಗಿ ಬೀಸುವವನ ಮನೆಯಲ್ಲಿ ಮಲಗಿ ಪ್ಯಾಕೆಟ್ಟಿನ ಓಟ್ಸ್ ಕೇಳುವುದೆಂದರೇನು! ಈ ಓಟ್ಸು ಬಂದ ಮೇಲೇ ಅಲ್ಲವೆ ಅರ್ಧ ಗಿರಾಕಿಗಳು ರಾಗಿ ಡಬ್ಬ ತರುವುದನ್ನು ಬಿಟ್ಟದ್ದು?

"ಅದು ಕುದುರೆ ತಿನ್ನೋದು ಕಣಣ್ಣ!"

"ಕುದುರೆ ಚೆನ್ನಾಗಿ ಓಡಾಡ್ಕೊಂಡಿದೆಯಲ್ಲ. ನನ್ನ ಥರ ಮಲಗಿಲ್ವಲ್ಲ."

ಮುತ್ತುರಾಜ ಚಪ್ಪಲಿ ಮೆಟ್ಟಿಕೊಂಡು ಹೋಗಿ ಒಂದು ಪ್ಯಾಕೆಟ್ ತಂದ. ಬಿಚ್ಚಿ ಅಂಗೈಗೆ ಸುರಿದುಕೊಂಡು ನೋಡಿದ. ಅವಲಕ್ಕಿಯೂ ಅಲ್ಲ, ತೌಡೂ ಅಲ್ಲ, ನಡುವಿನದು. ಇದು ಇಡಿಯಾಗಿದ್ದರೆ ಅಣ್ಣನ ಗಂಟಲಿಗೆ ಅಂಟೀತು, ನುಣ್ಣಗಿದ್ದರೆ ಸಲೀಸಾಗಿ ಇಳಿದೀತು ಅಂದುಕೊಂಡ. ಮಿಲ್ಲಿನವನಿಗೆ ಬೇರೆ ಏನು ತಾನೇ ಹೊಳೆಯಬೇಕು? ಸಂಜೆ ಮಿಷನ್ ನಿಲ್ಲಿಸುವ ಮುಂಚೆ ಇಡೀ ಪ್ಯಾಕೆಟ್ಟನ್ನು ಮೇಲಿನ ಗೂಡೆಗೆ ಸುರಿದು ಬೀಸಿಬಿಟ್ಟ. ಮೈದಾ ಹಿಟ್ಟಿನಂತೆ ಬೆಳ್ಳಗೆ, ಗಾಳಿಗೆ ಹಾರುವಷ್ಟು ನುಣ್ಣಗೆ ಬಂತು. ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಮಾರನೇ ದಿನ ಬೆಳಿಗ್ಗೆ ಕರೆಂಟ್ ಹೋಗಿತ್ತು. ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಧನುರ್ಮಾಸದ ಚಳಿ. ಮುತ್ತುರಾಜ ದೊಡ್ಡ ಕುಕ್ಕರಿಗೆ ಹಾಲು ಹುಯ್ದು, ಆ ಹಿಟ್ಟನ್ನು ಸುರಿದು, ಒಂದು ಹಿಡಿ ಬೆಲ್ಲ ಜಜ್ಜಿ ಹಾಕಿ ಮುಚ್ಚಳ ಬಿಗಿದ. ಉರಿ ಜೋರಾಗಿಟ್ಟ. ಎಷ್ಟು ಹೊತ್ತಾದರೂ ಕುಕ್ಕರ್ ಕೂಗಲಿಲ್ಲ. ಒಳಗೆ ಮಾತ್ರ ಗೊರಗೊರ ಸದ್ದು.

"ಕೂಗು!" ಅಂದ ಮುತ್ತುರಾಜ. ಅದು ಕೂಗಲಿಲ್ಲ.

"ಕೂಗ್ತೀಯೋ ಇಲ್ವೋ? ಎಲ್ಲರಿಗೂ ಕೂಗ್ತೀಯ, ನನಗೆ ಮಾತ್ರ ಮುನಿಸಾ?" ಎಂದು ಬೈದು, ಸೌಟು ಹುಡುಕಲು ಆ ಕಡೆ ತಿರುಗಿದ. ಅದೇ ಅವನ ಪುಣ್ಯ. ಹಿಂದಿನಿಂದ ಢಂ ಎಂದಿತು. ಸೇಫ್ಟಿ ವಾಲ್ವು ಕಿತ್ತುಹೋಗಿ, ಗಂಜಿ ಕಾರಂಜಿಯಂತೆ ಚಿಮ್ಮಿ ಸೂರಿಗೆ ಬಡಿದು, ಅಲ್ಲಿಂದ ತೊಟ್ಟು ತೊಟ್ಟಾಗಿ ಒಲೆ, ಗೋಡೆ, ಮುತ್ತುರಾಜನ ಬೋಳುತಲೆ ಎಲ್ಲದರ ಮೇಲೂ ಬಿತ್ತು.

ನಡುಮನೆಯಿಂದ ಗುಂಡಣ್ಣನ ದನಿ: "ಲೋ ಮುತ್ತು! ಇದ್ದೀಯೇನೋ?"

"ಇದ್ದೀನಿ!"

"ಹಾಗಾದ್ರೆ ಸರಿ. ತಿಂಡಿ ಎಷ್ಟು ಹೊತ್ತಿಗಾಗುತ್ತೆ?"

ಮುತ್ತುರಾಜ ಬಾಯಿಗೆ ಬಂದದ್ದನ್ನು ಅನ್ನಬೇಕೆಂದಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮಹಡಿ ಮನೆಯ ಅಲಮೇಲಮ್ಮ. ಅಯ್ಯಂಗಾರರ ಮನೆಯ ಹೆಂಗಸು, ಎಪ್ಪತ್ತು ದಾಟಿದ ಜೀವ. ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿ, ಮಡಿಸೀರೆ ಉಟ್ಟು, ದೇವರ ನೈವೇದ್ಯಕ್ಕೆ ಹುಗ್ಗಿ ಮಾಡುತ್ತಿದ್ದವರು ಹಾಗೇ ಇಳಿದು ಬಂದಿದ್ದರು.

"ಸಿಲಿಂಡರ್ ಸಿಡೀತೇನಪ್ಪಾ?"

ಮುತ್ತುರಾಜ ತಲೆ ತಗ್ಗಿಸಿದ. ಅವರ ಮುಂದೆ ನಿಲ್ಲಲು ಅವನಿಗೆ ಮುಖವಿರಲಿಲ್ಲ. ಮೆಣಸಿನಕಾಯಿ ಪುಡಿ ಮಾಡಿದ ಮಿಷನ್ನಿನಲ್ಲೇ ತಮ್ಮ ಗೋಧಿ ಬೀಸಿಕೊಟ್ಟಿದ್ದಾನೆ, ಚಪಾತಿಯೆಲ್ಲ ಖಾರವಾಯಿತು ಎಂದು ಅವರು ಒಮ್ಮೆ ಕೇಳಿದ್ದಕ್ಕೆ, "ಬೇರೆ ಕಡೆ ಹಾಕಿಸ್ಕೊಳ್ರೀ!" ಎಂದು ಬೀದಿಯವರೆಲ್ಲ ನೋಡುವಂತೆ ಕೂಗಿದ್ದ. ಆಮೇಲೆ ಅವರು ಮಿಲ್ಲಿನ ಹೊಸ್ತಿಲು ತುಳಿದಿರಲಿಲ್ಲ.

ಅಲಮೇಲಮ್ಮ ಸೂರು ನೋಡಿದರು, ಕುಕ್ಕರ್ ನೋಡಿದರು, ಕೊನೆಗೆ ಹಿಟ್ಟಿನ ಡಬ್ಬ ನೋಡಿದರು.

"ಇದೇನಿದು?"

"ಓಟ್ಸು. ಬೀಸಿದ್ದೆ."

"ಓಟ್ಸನ್ನ ಬೀಸಿದ್ಯಾ?" ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಿನ್ನ ಕೈಗೆ ಏನು ಸಿಕ್ಕಿದ್ರೂ ಮಿಷನ್ನಿಗೆ ಹಾಕ್ತೀಯೇನೋ ಪುಣ್ಯಾತ್ಮ? ಹಿಟ್ಟು ಉಕ್ಕಿ ಹೋಗಿ ಸೀಟಿ ದಾರಿ ಕಟ್ಟಿಕೊಂಡಿದೆ. ನಿಮ್ಮಣ್ಣ ನಿನ್ನೆ ಊಟ ಮಾಡಿದ್ರಾ?"

"ಇಲ್ಲಮ್ಮ. ಮೊನ್ನೇನೂ ಇಲ್ಲ."

ಅವರು ಸರಸರ ಮೇಲೆ ಹೋದರು. ತಮ್ಮದೇ ಪುಟ್ಟ ಕುಕ್ಕರು, ಒಂದು ಬಟ್ಟಲು ಓಟ್ಸು ಹಿಡಿದುಕೊಂಡು ಬಂದು ಸೀದಾ ಅಡುಗೆಮನೆ ಹೊಕ್ಕರು. ಗಂಜಿ ಮೆತ್ತಿದ ಒಲೆಯನ್ನು ತಾವೇ ಒರೆಸಿದರು.

"ಅನ್ನಕ್ಕೆ ಇಡೋದು ಹೇಗೆ ಹೇಳು? ತಳಕ್ಕೆ ನೀರು, ಒಳಗೆ ಪಾತ್ರೆ. ಹಾಗೇ ಇದೂ. ಒಂದು ಲೋಟ ಓಟ್ಸಿಗೆ ಮೂರು ಲೋಟ ನೀರು. ಚಿಟಿಕೆ ಉಪ್ಪು, ಒಂದು ಏಲಕ್ಕಿ. ಪಾತ್ರೆ ಮೇಲೊಂದು ತಟ್ಟೆ ಮುಚ್ಚು. ಸಣ್ಣ ಉರಿ. ಎರಡು ಸಲ ಕೂಗಿದ ಮೇಲೆ ಆರಿಸಿ ಸುಮ್ಮನಿರು. ತಾನೇ ಇಳೀಬೇಕು. ನೀನು ಬೈದ್ರೆ ಇಳಿಯಲ್ಲ."

"ಬೆಲ್ಲ?"

"ಕೊನೇಲಿ. ಕರಗಿಸಿ, ಸೋಸಿ, ಉಗುರು ಬೆಚ್ಚಗಾದ ಮೇಲೆ ಹಾಲಿನ ಜೊತೆ ಸೇರಿಸು. ಬಿಸೀಲೇ ಸುರಿದ್ರೆ ಹಾಲು ಒಡೆಯುತ್ತೆ. ನಿನಗೆ ಯಾವುದಕ್ಕೂ ತಾಳ್ಮೆ ಇಲ್ವಲ್ಲ."

ಮುತ್ತುರಾಜ "ಹೂಂ" ಅಂದ. ಬೇರೆ ಯಾರಾದರೂ ಅವನಿಗೆ ಹಾಗಂದಿದ್ದರೆ ಆ ಬೀದಿಯಲ್ಲಿ ಒಂದು ರಾಮಾಯಣವೇ ಆಗುತ್ತಿತ್ತು.

ಕುಕ್ಕರ್ ಎರಡು ಸಲ ಕೂಗಿತು. ಆವಿ ಇಳಿಯುವ ತನಕ ಅಲಮೇಲಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಅವರೇ ಮುಚ್ಚಳ ತೆಗೆದು, ಬೆಲ್ಲದ ಪಾಕ ಬೆರೆಸಿ, ಹದ ನೋಡಿ, "ಈಗ ಕೊಡು" ಎಂದು ಮೇಲೆ ಹೋದರು.

ಮುತ್ತುರಾಜ ಬಟ್ಟಲು ಹಿಡಿದು ಅಣ್ಣನ ಮುಂದೆ ಕೂತ. ಗುಂಡಣ್ಣ ಒಂದು ಚಮಚ ಬಾಯಿಗಿಟ್ಟ. ನುಂಗಿದ. ಇನ್ನೊಂದು ತೆಗೆದುಕೊಂಡ. ಮುತ್ತುರಾಜ ಅಣ್ಣನ ಗಂಟಲನ್ನೇ ನೋಡುತ್ತಿದ್ದ. ಮಿಲ್ಲು ನಿಂತಿದ್ದರಿಂದ ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಆಗ ತಲೆಯ ಮೇಲೆ, ಮಹಡಿಯ ಬಚ್ಚಲಿನಲ್ಲಿ, ಚೊಂಬು ಚೊಂಬಾಗಿ ನೀರು ಸುರಿಯುವ ಸದ್ದು ಕೇಳಿತು.

ಮುತ್ತುರಾಜನ ಹುಬ್ಬು ಗಂಟಾಯಿತು. ಈಗ ತಾನೇ ಸ್ನಾನ ಮಾಡಿ ಬಂದವರು. ಮತ್ತೆ ಸ್ನಾನ!

"ನೋಡಿದ್ಯಾ ಅಣ್ಣ? ನಮ್ಮನೆ ಒಲೆ ಮುಟ್ಟಿದ್ದಕ್ಕೆ ಮೈಲಿಗೆಯಾಯ್ತಂತೆ! ಅಷ್ಟು ಹೇಸಿಗೆನಾ ನಾವು? ಈಗಲೇ ಹೋಗಿ ಆ ಕುಕ್ಕರ್ ಅವರ ಬಾಗಿಲಿಗೆ ಕುಕ್ಕಿ ಬರ್ತೀನಿ!" ಎಂದು ಎದ್ದ.

ಗುಂಡಣ್ಣ ಬಟ್ಟಲಿನಿಂದ ಕಣ್ಣು ತೆಗೆಯಲಿಲ್ಲ.

"ಕೂತ್ಕೋ. ಅವರ ಮಡಿ ಅವರಿಗೆ, ನಿನಗ್ಯಾಕೆ ಅದು? ದೇವರ ನೈವೇದ್ಯ ಅರ್ಧಕ್ಕೆ ಬಿಟ್ಟು, ಮಡಿ ಕೆಡುತ್ತೆ ಅಂತ ಗೊತ್ತಿದ್ದೇ ಇಳಿದು ಬಂದ್ರಲ್ಲ, ಅದನ್ನ ನೋಡು. ಕರೆಂಟ್ ಬೇರೆ ಇಲ್ಲ. ಗೀಸರ್ ಎಲ್ಲಿ ಬರುತ್ತೆ? ತಣ್ಣೀರು ಕಣೋ ಅದು."

ಮುತ್ತುರಾಜ ನಿಂತಲ್ಲೇ ನಿಂತ. ಮೇಲೆ ನೀರು ಸುರಿಯುತ್ತಲೇ ಇತ್ತು. ನಡುವೆ ಒಮ್ಮೆ ಅಲಮೇಲಮ್ಮ ಚಳಿಗೆ "ಹಾ ರಂಗನಾಥಾ" ಎಂದದ್ದೂ ಕೇಳಿತು.

"ಇನ್ನೊಂದು ಚೂರು ಹಾಕು," ಎಂದು ಗುಂಡಣ್ಣ ಬಟ್ಟಲು ಚಾಚಿದ.

ಭಾನುವಾರ ವಿಭಾ ಅಪ್ಪನ ಬಟ್ಟೆ ತುಂಬಿಕೊಳ್ಳಲು ಚೀಲ ಹಿಡಿದೇ ಬಂದಳು. ಗುಂಡಣ್ಣ ಮಂಚದ ಮೇಲೆ ಎದ್ದು ಕೂತು, ಮೀಸೆಗೆಲ್ಲ ಓಟ್ಸ್ ಮೆತ್ತಿಕೊಂಡು, "ಇವತ್ತು ಏಲಕ್ಕಿ ಕಮ್ಮಿ ಆಯ್ತು" ಎಂದು ತಮ್ಮನನ್ನು ಬೈಯುತ್ತಿದ್ದ. ಅವಳು ಖಾಲಿ ಚೀಲ ಮಡಚಿ ಕಂಕುಳಿಗಿಟ್ಟುಕೊಂಡು ವಾಪಸ್ ಹೋದಳು. ಗುಂಡಣ್ಣ ಉಳಿದ. ಈಗ ಸಂಜೆ ಮಿಲ್ಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಗಿರಾಕಿಗಳ ಜೊತೆ ಹರಟುತ್ತಾನೆ. ಅಂದ ಮಾತನ್ನು ಮಾತ್ರ ಇನ್ನೂ ವಾಪಸ್ ತೆಗೆದುಕೊಂಡಿಲ್ಲ.

ಮುತ್ತುರಾಜ ಅಲಮೇಲಮ್ಮನ ಕುಕ್ಕರನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕನ್ನಡಿಯಂತೆ ಮಾಡಿ ಮೇಲೆ ಕೊಂಡೊಯ್ದ. ಮೆಟ್ಟಿಲು ಹತ್ತುವಾಗ ನಾಲ್ಕು ಮಾತು ಜೋಡಿಸಿಕೊಂಡಿದ್ದ. ಬಾಗಿಲು ತೆರೆದಾಗ ಅವರಿಗೆ ಸಿಕ್ಕಾಪಟ್ಟೆ ನೆಗಡಿ. ಮೂಗು ಕೆಂಪಾಗಿತ್ತು.

"ತಿಂದ್ರಾ ನಿಮ್ಮಣ್ಣ?"

"ತಿಂದ್ರು."

"ಸರಿ ಹಾಗಾದ್ರೆ."

ಬಾಗಿಲು ಮುಚ್ಚಿತು. ಜೋಡಿಸಿಕೊಂಡ ಮಾತನ್ನು ಹಾಗೇ ಹೊತ್ತುಕೊಂಡು ಕೆಳಗಿಳಿದ. ಯುಗಾದಿಗೆ ಮುಂಚೆ ಮಿಷನ್ನಿನ ಕಲ್ಲು ಬಿಚ್ಚಿ ತೊಳೆದು, "ಅಮ್ಮಾ, ಮೊದಲು ನಿಮ್ಮ ಗೋಧಿ ಹಾಕ್ತೀನಿ ಕೊಡಿ" ಎಂದು ಕೆಳಗಿನಿಂದಲೇ ಕೂಗಿದ. "ಪ್ಯಾಕೆಟ್ ತಂದಿದೀನಪ್ಪ" ಅಂದರು ಅವರು. ಗ್ಯಾಸ್ ಸಿಲಿಂಡರ್ ಹೊತ್ತು ಕೊಡುತ್ತೇನೆ ಅಂದರೆ ತಂದವನೇ ಇಟ್ಟು ಹೋಗಿದ್ದಾನೆ. ಹಣ್ಣು ಕೊಟ್ಟರೆ ಅದರ ಎರಡರಷ್ಟು ಹುಗ್ಗಿ ಗುಂಡಣ್ಣನಿಗೆ ಇಳಿದು ಬಂತು. ಕೊಡಲು ಹೋದಾಗಲೆಲ್ಲ ಇವನ ಬಾಕಿಯೇ ಬೆಳೆಯುತ್ತಿತ್ತು. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ?

ಈಗಲೂ ಬೆಳಗಿನ ಹೊತ್ತು ಮಹಡಿಯ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿದರೆ ಮುತ್ತುರಾಜ ಗೂಡೆಗೆ ರಾಗಿ ಸುರಿಯುವುದನ್ನು ಅರೆಗಳಿಗೆ ನಿಲ್ಲಿಸುತ್ತಾನೆ. ಆ ತಣ್ಣೀರಿನ ಋಣ ತೀರಿಸುವುದು ಹೇಗೆಂದು ಅವನಿಗೆ ಗೊತ್ತಾಗಿಲ್ಲ.