ಜಟಾಮಾಂಸಿ ಕೊಡದ ಅಕ್ಕ

ಕಳೆದ ವಾರ ಪಕ್ಕದ ಮನೆಯಾಕೆ ಒಂದು ಪೊಟ್ಟಣ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ಹಸಿ ಮಣ್ಣು ಮತ್ತು ಹಳೇ ಕಟ್ಟಿಗೆಪೆಟ್ಟಿಗೆ ಸೇರಿದಂಥ ವಾಸನೆ.

"ಇದು ಖರೆ ಜಟಾಮಾಂಸಿ ಬೇರು ಹೌದಲ್ರಿ? ನಮ್ಮ ಸೊಸಿಗೆ. ಎದಿ ಡವಡವ ಅಂತೈತಿ ಅಂತ ದಿನಾ ಒಂದ ರಾಗ. ಕುಡಿಸಿದ್ರ ಸುಮ್ಮನಾಗ್ತಾಳ."

ನಾನು ಪೊಟ್ಟಣ ಕೈಗೆ ತೆಗೆದುಕೊಂಡೆ. ಆ ವಾಸನೆ ನನ್ನನ್ನು ವರ್ಷಗಳ ಹಿಂದಿನ ಗೋಕಾಕದ ಪೇಟೆಗೆ ಎಳೆದೊಯ್ದಿತ್ತು...

ಅಲ್ಲೊಂದು ಬೇರು-ನಾರಿನ ಅಂಗಡಿಯಿತ್ತು. ಗಂಡ ತೀರಿದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ತಾನೇ ಕುಳಿತಿದ್ದಾಕೆಯನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಕನ್ನಡಕದ ಒಂದು ಕಾಲು ಮುರಿದು ಅಲ್ಲಿ ನೂಲು ಸುತ್ತಿತ್ತು. ಎದೆಗೆ, ನರಕ್ಕೆ ಕೊಡುವ ಬೇರನ್ನು ಆಕೆ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. "ಯಾರ ಎದಿನೋ ಅವರ ಬರ್ಲಿ" ಎಂಬುದು ಅಂಗಡಿಯ ಕಾಯಿದೆ.

ಹಾಗಾಗಿಯೇ ನಮ್ಮತ್ತೆ ಕೊಣ್ಣೂರಿನಿಂದ ನನ್ನನ್ನೂ ಕರೆದೊಯ್ದಿದ್ದರು. ಮದುವೆಯಾಗಿ ಎಂಟು ತಿಂಗಳು. ಒಂದು ಕೊಡ ನೀರು ಎತ್ತಿದರೆ ಎದೆ ಬಡಿದು ಕಣ್ಣು ಕತ್ತಲಾಗುತ್ತಿತ್ತು. ಮನೆಯವರ ಲೆಕ್ಕದಲ್ಲಿ ಅದು ಕಾನ್ವೆಂಟ್ ಹುಡುಗಿಯ ನಾಜೂಕು.

"ಅಂಜಿಕಿ ಸ್ವಭಾವರಿ ಈಕೀದು. ಸ್ವಲ್ಪ ಶಾಂತ ಆಗೂಹಂಗ ಏನರೆ ಕೊಡ್ರಿ" ಎಂದರು ಅತ್ತೆ.

ಅಕ್ಕಾರು ನನ್ನ ಕಡೆ ತಿರುಗಿದರು. "ನೀ ಹೇಳವ್ವ."

ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆದರೆ ಎಂಟು ತಿಂಗಳಲ್ಲಿ ನನ್ನನ್ನು ಯಾರೂ ಕೇಳಿರಲೇ ಇಲ್ಲ. ಎಲ್ಲ ಹೇಳಿದೆ. ಆಕೆ ಕೆಳಗಿಳಿದು ಬಂದು ನನ್ನ ಬಾತುಕೊಂಡಿದ್ದ ಪಾದದ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಎದ್ದು ಹೋಗಿ ಜಟಾಮಾಂಸಿಯ ಭರಣಿಯ ಮುಚ್ಚಳ ಬಿಗಿಯಾಗಿ ತಿರುವಿದರು.

"ಇದು ಬೇರಿಗೆ ಬಗ್ಗೂದಲ್ರಿ. ಇವತ್ತ ಘಟಪ್ರಭಾಕ್ಕ, ದವಾಖಾನಿಗೆ ಕರಕೊಂಡು ಹೋಗ್ರಿ."

"ವ್ಯಾಪಾರ ಮಾಡಾಕ ಕುಂತೀರೋ, ಬುದ್ಧಿ ಹೇಳಾಕೋ? ಬ್ಯಾರೆ ಅಂಗಡಿ ಇಲ್ಲೇನ್ ಊರಾಗ?"

"ಅದಾವ್ರಿ. ಬೇರು ಅಲ್ಲೂ ಸಿಗತೈತಿ. ಸೊಸಿ ಸಿಗಂಗಿಲ್ಲ."

ಅತ್ತೆ ಸಿಟ್ಟಿನಿಂದ ಕೊಣ್ಣೂರಿನ ಬಸ್ಸು ಹತ್ತಿದರು. ನಾನು ಹತ್ತಲಿಲ್ಲ. ಘಟಪ್ರಭಾದ ಬಸ್ಸಿನಲ್ಲಿ ಒಬ್ಬಳೇ ಹೋಗಿ ಕುಳಿತೆ.

ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲವಂತೆ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಚಿಕಿತ್ಸೆ ಮುಗಿಸಿ ಮತ್ತೆ ಅಂಗಡಿಗೆ ಹೋದಾಗ, ಈಗಲಾದರೂ ಜಟಾಮಾಂಸಿ ಕೊಡಿ ಎಂದು ನಾನೇ ಕೇಳಿದೆ. ಗುಳಿಗೆಗಳ ಜೊತೆ ಬೇರು ಬೇಡ ಅಂತ ಡಾಕ್ಟರು ಅಂದಿದ್ದಾರಾ ಎಂದು ವಿಚಾರಿಸಿದರು. ಹೌದೆಂದೆ. ಆಕೆ ನಕ್ಕು, ನಾಲ್ಕು ಎಳೆ ಬೇರನ್ನು ಬಟ್ಟೆ ಚೂರಿನಲ್ಲಿ ಕಟ್ಟಿದರು. "ಕುಡೀಬ್ಯಾಡ. ಅಂಜಿಕಿ ಬಂದಾಗ ಮೂಸಿ ನೋಡು, ಸಾಕು."

ಆ ಗಂಟು ಎಂದೋ ಪುಡಿಯಾಯಿತು. ಅಕ್ಕಾರೂ ಹೋದರು. ಸುದ್ದಿ ನನಗೆ ಮುಟ್ಟಿದ್ದು ತಿಂಗಳ ನಂತರ. ಆ ಅಂಗಡಿಯಲ್ಲೀಗ ಮೊಬೈಲ್ ಕವರುಗಳು ತೂಗಾಡುತ್ತವೆ. ನೀವೇ ನನ್ನನ್ನು ಉಳಿಸಿದ್ದು ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ ನಾನು...

ಪಕ್ಕದ ಮನೆಯಾಕೆ ಕಾಯುತ್ತಿದ್ದರು. ನಾನು ಪೊಟ್ಟಣ ಮಡಚಿ ಕೈಯಲ್ಲೇ ಇಟ್ಟುಕೊಂಡೆ.

"ನಿಮ್ಮ ಸೊಸೀನ್ನ ಕಳಸ್ರಿ. ಯಾರ ಎದಿನೋ ಅವರ ಬರ್ಲಿ."

"ನೀವೇನ್ ಡಾಕ್ಟರಾ?"

"ಅಲ್ರಿ. ಅದಕ್ಕ ಆಕೀನ್ನ ಡಾಕ್ಟರ ಕಡೆ ಕರಕೊಂಡು ಹೋಗ್ತೇನಿ."

ಮರುದಿನ ನಾನೂ ಆ ಸೊಸೆಯೂ ದವಾಖಾನೆಗೆ ಹೋಗಿ ಬಂದೆವು. ಆಕೆಯ ಪರೀಕ್ಷೆಗಳು ಇನ್ನೂ ನಡೆದಿವೆ. ಆಕೆಯ ಅತ್ತೆ ಎರಡು ಸಲ ಪೊಟ್ಟಣ ಕೇಳಲು ಬಂದರು. ಅದು ನನ್ನ ಅಡುಗೆಮನೆಯ ಕಪಾಟಿನಲ್ಲೇ ಇದೆ. ಕೊಟ್ಟಿಲ್ಲ.