ಭಾವನ ಜೊತೆ ಪಾರಿವಾಳ ಬೇಟೆ

ನನ್ನ ಹೆಂಡತಿಯ ಅಣ್ಣ ನಮಗಿಂತ ಎಷ್ಟೋ ಮೊದಲೇ ಲಂಡನ್ನಿಗೆ ಬಂದು ಎಜ್‌ವೇರ್‌ನಲ್ಲಿ ಮನೆ ಮಾಡಿದ್ದರು. ತೊಂಬತ್ತರ ದಶಕದ ಕೊನೆಗೆ ನಾವು ಅದೇ ಲಂಡನ್ನಿನ ಹೌನ್ಸ್ಲೋಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಬಾಯ್ಲರ್ ಕೆಟ್ಟರೂ ಅಣ್ಣ, ಜಿಪಿ ಅನ್ನೋ ಮನೆ ಡಾಕ್ಟರು ಬೇಕಾದರೂ ಅಣ್ಣ. ಅವರ ಹೆಸರು ಬಂದರೇ ನನಗೆ ಒಳಗೊಳಗೇ ಉರಿಯುತ್ತಿತ್ತು.

ಒಂದು ಜನವರಿಯಲ್ಲಿ ಭಾವ ನನ್ನನ್ನು ಪಾರಿವಾಳದ ಬೇಟೆಗೆ ಕರೆದರು. ಊರಂಚಿನಲ್ಲಿ ಅವರ ಪರಿಚಯದ ಮುದುಕ ರೈತನ ಹೊಲವಿತ್ತು. ಕೋಸಿನ ಬೆಳೆಯನ್ನು ಕಾಡುಪಾರಿವಾಳಗಳು ತಿಂದು ಹಾಕುತ್ತಿದ್ದವು.

"ಏನ್ ಹಾಕ್ಕೋಬೇಕು ಅಂತ ಅಣ್ಣನ್ನ ಕೇಳಿ" ಎಂದಳು ಹೆಂಡತಿ. ಅದಕ್ಕೇ ಕೇಳಲಿಲ್ಲ. ಹತ್ತಿಯ ಬನಿಯನ್, ಮೂರು ಸ್ವೆಟರ್, ದಪ್ಪ ಕೋಟು, ಜೀನ್ಸ್, ಬಿಗಿಯಾದ ಶೂ ಒಳಗೆ ಎರಡೆರಡು ಕಾಲುಚೀಲ ತುರುಕಿಕೊಂಡು ಹೊರಟೆ.

ಕೆಸರಿನಲ್ಲಿ ಹೊಲ ದಾಟುವಾಗ ಭಾವ ತಮ್ಮ ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದರು.

"ನೀವೂ ಬಿಚ್ರೀ. ನಡೆಯೋವಾಗ ಬೆವರಿದ್ರೆ ಆಮೇಲೆ ಕಷ್ಟ."

"ಪರವಾಗಿಲ್ಲ ಬಿಡಿ ಭಾವ."

ಬೇಲಿಯ ಮರೆಯಲ್ಲಿ ಕೂತ ಸ್ವಲ್ಪ ಹೊತ್ತಿಗೇ ಬೆವರಿಗೆ ನೆಂದಿದ್ದ ಬನಿಯನ್ ಮಂಜುಗಡ್ಡೆಯಂತೆ ಬೆನ್ನಿಗೆ ಅಂಟಿತು. ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯಲಿಲ್ಲ. ಪಕ್ಕದಲ್ಲಿ ಭಾವ ಉಣ್ಣೆಯ ಒಳಉಡುಪು, ಸಡಿಲ ಬೂಟು, ಕಿವಿ ಮುಚ್ಚುವ ಟೋಪಿ ಧರಿಸಿ, ಈಗ ಕೋಟನ್ನೂ ತೊಟ್ಟು, ತಮ್ಮ ಮನೆಯ ಸೋಫಾದಲ್ಲಿ ಕೂತವರಂತೆ ಕೂತಿದ್ದರು. ನಮ್ಮ ಜೊತೆ ಬಂದಿದ್ದ ರೈತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮೊದಲು ಅವರಿಗೇ ಕೊಟ್ಟ. ಅದನ್ನೂ ನಾನು ಗಮನಿಸಿದೆ.

"ಚಳೀನಾ?" ಎಂದರು ಭಾವ.

"ಇಲ್ಲ" ಎನ್ನುವಷ್ಟರಲ್ಲಿ ಹಲ್ಲು ಕಟಕಟ ಎಂದಿತು.

ಅವರು ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಬೇಡವೆನ್ನಲು ಮೈ ಒಪ್ಪಲಿಲ್ಲ. ಬರೀ ಸ್ವೆಟರಿನಲ್ಲೇ ಅವರು ರೈತನ ಬಂದೂಕಿನಿಂದ ಎರಡು ಹಕ್ಕಿ ಉರುಳಿಸಿದರು. ರೈತ ಬೆನ್ನು ತಟ್ಟಿದ. ನನ್ನ ಸರದಿ ಬಂದಾಗ ಟ್ರಿಗರ್ ಎಳೆಯಲು ಬೆರಳು ಮಡಚಲೇ ಇಲ್ಲ. ಅವರ ಕೋಟಿನೊಳಗೆ ಬೆಚ್ಚಗೆ ಕೂತು ಅವರ ಮೇಲೇ ಕುದಿಯುತ್ತಿದ್ದೆ.

ಮುಂದಿನ ಚಳಿಗಾಲಕ್ಕೆ ಯಾರಿಗೂ ಹೇಳದೆ ಉಣ್ಣೆಯ ಒಳಉಡುಪು, ಒಂದು ಸೈಜ್ ದೊಡ್ಡ ಬೂಟು ಕೊಂಡೆ. ಮತ್ತೆ ಭಾವನ ಜೊತೆ ಅದೇ ಹೊಲಕ್ಕೆ ಹೋದಾಗ ಕೋಟನ್ನು ತೋಳಿನ ಮೇಲೆ ಹಾಕಿಕೊಂಡೇ ನಡೆದೆ. ಬೆಳಗೆಲ್ಲ ಹಾಯಾಗಿ ಕೂತು ಒಂದು ಪಾರಿವಾಳ ಹೊಡೆದೆ. ಭಾವನಿಗೆ ಅಂದು ಒಂದೂ ಸಿಗಲಿಲ್ಲ. ಮನೆ ಮುಟ್ಟುವವರೆಗೂ ನನ್ನ ಖುಷಿಗೆ ಮಿತಿಯಿರಲಿಲ್ಲ.

ಹಕ್ಕಿಯನ್ನು ನೋಡಿದ್ದೇ ಹೆಂಡತಿ ಫೋನೆತ್ತಿಕೊಂಡಳು.

"ಅಣ್ಣಾ, ನೀನು ಕಲಿಸಿದ್ದಕ್ಕೆ ಇವ್ರೂ ಒಂದ್ ಹೊಡೆದ್ರು ನೋಡು!"

ನಾನು ಹಕ್ಕಿಯನ್ನು ಅಡುಗೆಮನೆಯ ಸಿಂಕಿನಲ್ಲಿ ಹಾಕಿ, ಬೂಟು ಕಳಚುತ್ತ ಕೂತೆ.